ಅರವತ್ತು ದಾಟಿದ ಬಾಡಿಗೆದಾರರು

ಮಹಾರಾಷ್ಟ್ರ ಸರ್ಕಾರದ ಸಿಡ್ಕೋ 1970ರ ದಶಕದಿಂದ ನಾಸಿಕ್‌ನಲ್ಲೂ ಔರಂಗಾಬಾದ್‌ನಲ್ಲೂ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲೂ, ಚಿಕ್ಕಚಿಕ್ಕ ಮನೆಗಳನ್ನು ಕಟ್ಟಿತು. ಕೊಂಡವರು ಕೈಯಲ್ಲಿ ಕಾಸಾಡಿದಂತೆ ಮೇಲೊಂದು ಅಂತಸ್ತು ಏರಿಸಿ ಬಾಡಿಗೆಗೆ ಬಿಟ್ಟರು. ನಮ್ಮಂಥ ವಲಸಿಗರಿಗೆ ಹೆಚ್ಚಾಗಿ ಸಿಗುವುದು ಆ ಮೇಲಿನ ಮನೆಯೇ: 11 ತಿಂಗಳ ಕರಾರು, ಕಡಿದಾದ ಮೆಟ್ಟಿಲು. ‘ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ’ ಎಂದೊಡನೆ ಮಾಲೀಕರ ದನಿ ಬದಲಾಗುತ್ತದೆ. ಕೆಟ್ಟವರೇನಲ್ಲ, ‘ಏನಾದರೂ ಆದರೆ?’ ಎಂಬ ಭಯ. ನನ್ನ ಕಸುಬಿನಲ್ಲಿ ಅದಕ್ಕೆ ರಿಸ್ಕ್ ಅನ್ನುತ್ತೇವೆ. ಹೊರಬಲ್ಲವರ ಹೆಗಲಿಗೆ ಅದನ್ನು ಹಾಕಬೇಕೆಂಬುದು ಪಾಠ. ಬಾಡಿಗೆ ಮಾರುಕಟ್ಟೆ ಎಪ್ಪತ್ತರ ಮಂಡಿಗಳ ಮೇಲೆ ಹೇರುತ್ತದೆ.

ಕಾನೂನೇನೋ ಇದೆ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 19ನೇ ಕಲಮಿನಂತೆ ಸರ್ಕಾರ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ 150 ನಿರ್ಗತಿಕ ಹಿರಿಯರಿಗಾಗಿ, ‘ಸ್ಥಾಪಿಸಬಹುದು’. ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಆ ಕ್ರಿಯಾಪದಕ್ಕಿಂತ ನನ್ನನ್ನು ಕಾಡುವುದು ‘ನಿರ್ಗತಿಕ’ ಎಂಬ ಪದ. ಪಿಂಚಣಿಯಲ್ಲಿ ಬಾಡಿಗೆ ಕಟ್ಟಬಲ್ಲ, ಮಗನ ಮನೆಯೂ ಆಶ್ರಮವೂ ಬೇಡವೆನ್ನುವ ಅಜ್ಜಿ ಎಲ್ಲಿಗೆ ಹೋಗಬೇಕು? ನೆಲಮಹಡಿಯಲ್ಲೊಂದು ಕೋಣೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ತನ್ನದೇ ಬೀಗದಕೈ. ಇಷ್ಟನ್ನೇ, ಅದೂ ದುಡ್ಡು ಕೊಟ್ಟು, ಆಕೆ ಕೇಳುತ್ತಿರುವುದು.