ಹಚ್ಚಿದ ಬೆಂಕಿ, ಹಚ್ಚದ ಬೆಂಕಿ

ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿದರೆ ಫೆಬ್ರವರಿಯಲ್ಲೂ ಕಾಡಿನ ನೆಲ ತಂಪು. ಅದೇ ತಿಂಗಳು ದಾಂಡೇಲಿ ದಾಟಿ ಹಳಿಯಾಳ, ಮುಂಡಗೋಡದ ಕಡೆ ಹೋದರೆ ಸಾಗವಾನಿಯ ಒಣಎಲೆ ಕಾಲಡಿ ಚರಪರ ಎನ್ನುತ್ತದೆ. ಅಂಥ ಒಣಕಾಡುಗಳ ರಸ್ತೆಯಂಚಿನಲ್ಲಿ ಸುಟ್ಟು ಕಪ್ಪಾದ ಪಟ್ಟಿಗಳು ಕಾಣುತ್ತವೆ. ಅವು ಬೆಂಕಿರೇಖೆಗಳು. ದೊಡ್ಡ ಬೆಂಕಿ ದಾಟಿ ಬರದಿರಲೆಂದು ಬೇಸಿಗೆಗೆ ಮುನ್ನವೇ ಅರಣ್ಯ ಇಲಾಖೆಯವರು ಹುಲ್ಲು, ತರಗೆಲೆ ಸುಟ್ಟು ಮಾಡಿದ ಗಡಿ.

ಅಭಯಾರಣ್ಯದಲ್ಲಿ ಬೇರೆ ಯಾರಾದರೂ ಬೆಂಕಿ ಹಚ್ಚಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಡ್ಡಿ ಒಂದೇ, ಒಂದು ಕೈಯಲ್ಲಿ ಕರ್ತವ್ಯ, ಇನ್ನೊಂದು ಕೈಯಲ್ಲಿ ತಪ್ಪು. ಹಾಗಾದರೆ ತಪ್ಪು ಇರುವುದು ಬೆಂಕಿಯಲ್ಲೋ, ಕೈಯಲ್ಲೋ?

ಈ ಪ್ರಶ್ನೆ ಇಲ್ಲಿ ಹಳೆಯದು. ಜೋಯಿಡಾದ ಕುಣಬಿಗಳ ಹಿರೀಕರು ಕಾಡಿನ ತುಂಡೊಂದನ್ನು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಮುಂದೆ ಆ ನೆಲವನ್ನು ಕಾಡಿಗೇ ಬಿಟ್ಟು ಹೋಗುತ್ತಿದ್ದರು. ಅದು ಕುಮರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಹತ್ತಿಕ್ಕಿತು. ಕಾಡು ಉಳಿಸುವ ಮಾತು ಅದರಲ್ಲಿತ್ತು. ಹಡಗಿಗೆ, ರೈಲಿಗೆ ಬೇಕಾದ ಮರದ ಲೆಕ್ಕವೂ ಇತ್ತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಬೇರೆ ಬೆಂಕಿ. ಬೇಸಿಗೆ ಬಲಿಯುವ ಮುನ್ನ ತರಗನ್ನಷ್ಟೇ ಸುಟ್ಟು ಹೋಗುವ, ಮೊಣಕಾಲೆತ್ತರ ಮೀರದ ತರಗುಬೆಂಕಿ. ಅದು ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಎನ್ನುತ್ತಾರೆ ಅವರು. ಲಂಟಾನ ಹಬ್ಬಲು ಬೇರೆ ಕಾರಣಗಳನ್ನು ಹೇಳುವ ವಿಜ್ಞಾನಿಗಳೂ ಇದ್ದಾರೆ. ಆದರೆ ಕಾಡಿನೊಳಗೇ ಬದುಕಿದವರ ಸಾಕ್ಷ್ಯವನ್ನು ಕೇಳದೆ ಬದಿಗಿಡುವುದು ನ್ಯಾಯವಲ್ಲ.

ಅಮೆರಿಕ ಈ ಪಾಠವನ್ನು ಪೈನ್ ಕಾಡಿನಲ್ಲಿ ಕಲಿಯಿತು. ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂದು ಅಲ್ಲಿನ ಅರಣ್ಯ ಸೇವೆ 1935ರಲ್ಲಿ ನಿಯಮ ಮಾಡಿತು. ಆರಿಸಿದಷ್ಟೂ ತರಗು ಕೂಡುತ್ತಾ ಹೋಯಿತು; ಕೊನೆಗೆ ಹೊತ್ತಿದ ಬೆಂಕಿ ಮರದ ನೆತ್ತಿಗೇ ಏರಿತು. ದಕ್ಷಿಣದ ಉದ್ದೆಲೆ ಪೈನ್ ಮರದ ಬೀಜಕ್ಕಂತೂ ಮೊಳೆಯಲು ಬೆಂಕಿ ತೆರವುಗೊಳಿಸಿದ ಬರಿನೆಲವೇ ಬೇಕು. ಈಗ ಅಲ್ಲಿ ದಿನ, ಗಾಳಿ, ತೇವ ನೋಡಿ ತಾವೇ ಬೆಂಕಿ ಇಡುತ್ತಾರೆ.

ಏನೂ ಮಾಡದೆ ಇರುವುದನ್ನು ನಾವು ಸುಲಭವಾಗಿ ನಿರ್ದೋಷ ಎಂದುಕೊಳ್ಳುತ್ತೇವೆ. ಹಚ್ಚಿದ ಬೆಂಕಿಗೆ ಹೆಸರಿದೆ, ಆರೋಪಿ ಇದ್ದಾನೆ. ಹಚ್ಚದೆ ಬಿಟ್ಟದ್ದರಿಂದ ವರ್ಷಗಟ್ಟಲೆ ಕೂಡಿದ ತರಗಿಗೆ ಆರೋಪಿ ಇಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗ ಎಲ್ಲರೂ ಕಿಡಿ ಹಾಕಿದವನನ್ನು ಹುಡುಕಿದರು. ಹುಡುಕಬೇಕಾದದ್ದೇ. ಆದರೆ ಉರುವಲು ಹೇಗೆ ಕೂಡಿತು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ.

ಇದನ್ನು ಓದಿ ಕಡ್ಡಿ ಗೀರಲು ಹೊರಟರೆ ಅದೂ ತಪ್ಪೇ. ಅಣಶಿಯ ನಿತ್ಯಹರಿದ್ವರ್ಣದ ಮರಗಳ ತೊಗಟೆ ತೆಳು; ಸಾಗವಾನಿ ತಾಳುವ ಬೆಂಕಿಗೆ ಅವು ಸಾಯುತ್ತವೆ. ಒಂದು ಕಾಡಿಗೆ ಮದ್ದಾದದ್ದು ಪಕ್ಕದ ಕಾಡಿಗೆ ವಿಷ. ಹಾಗಾಗಿ ಬೆಂಕಿಯ ಹಕ್ಕು ಅನುಮತಿ ಪತ್ರದಿಂದಷ್ಟೇ ಬರುವುದಿಲ್ಲ, ಪರಂಪರೆಯಿಂದಷ್ಟೇ ಬರುವುದೂ ಇಲ್ಲ. ಈ ನೆಲ ಏನನ್ನು ತಾಳುತ್ತದೆ ಎಂದು ತಿಳಿದು, ಬೆಂಕಿ ಪೂರ್ತಿ ಆರುವವರೆಗೆ ಅಲ್ಲೇ ನಿಂತು, ಮುಂದಿನ ಮಳೆಗಾಲದಲ್ಲಿ ಏನು ಚಿಗುರಿತು, ಏನು ಚಿಗುರಲಿಲ್ಲ ಎಂದು ಬಂದು ನೋಡುವವರಿಗೆ ಆ ಹಕ್ಕು. ಅಂಥವರು ಇಲಾಖೆಯಲ್ಲೂ ಇದ್ದಾರೆ, ಹಾಡಿಯಲ್ಲೂ ಇದ್ದಾರೆ. ಕಡ್ಡಿ ಗೀರುವ ಮುನ್ನ ಅವರಿಬ್ಬರೂ ಕೂತು ಮಾತಾಡುವುದು ಮೊದಲ ಕೆಲಸ.