ಮರ ನನ್ನದು, ಮಾರ್ಗ ಎಲ್ಲರದು

ಚೆನ್ನೈಯು ಮದರಾಸೆನಿಸಿದ್ದ ಕಾಲದಲ್ಲಿ ಅಲ್ಲಿ ರಚಿತವಾದ 1882ರ ಮದರಾಸು ಅರಣ್ಯ ಕಾಯಿದೆಯು, 1956ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿಯೂ ಮರಮಟ್ಟುಗಳ ಸಾಗಣೆಯನ್ನು ನಿಯಮಕ್ಕೊಳಪಡಿಸುವ ಅಧಿಕಾರವನ್ನು ಸರಕಾರಕ್ಕಿತ್ತಿತು. ಸ್ವಂತ ಪಟ್ಟಾಭೂಮಿಯಲ್ಲಿ ಬೆಳೆದ ಮರದ ದಿಮ್ಮಿಗೂ ರಹದಾರಿ, ಅದರ ಕೊಯ್ದ ಮುಖದ ಮೇಲೆ ಸುತ್ತಿಗೆಯ ಮುದ್ರೆ, ಅರಣ್ಯಮಾರ್ಗಕ್ಕೆ ಶುಲ್ಕ ಎಂದರೆ, ಅದು ಸ್ವತ್ವದ ಅಪಹರಣವಲ್ಲವೇ?

ಅಲ್ಲವೆಂದೇ ನನ್ನ ನಂಬಿಕೆ. ನಮ್ಮ ಧರ್ಮಚಿಂತನೆಯಲ್ಲಿ ಭೋಗಕ್ಕಿಂತ ಮೊದಲು ಋಣವಿದೆ; ಭಾರದ ಗಾಡಿಯ ಚಕ್ರಗಳು ಕೊರೆದ ಹಾದಿಯು ಮಳೆಗಾಲದಲ್ಲಿ ಕುಸಿದಾಗ, ಮರದ ಲಾಭದಲ್ಲಿ ಪಾಲಿಲ್ಲದವರೇ ಆ ನಷ್ಟವನ್ನು ಹೊರುವರು. ಆದರೆ ಋಣಕ್ಕೂ ಮಿತಿಯುಂಟು: ಸವೆತವನ್ನು ಮೀರಿದ ಶುಲ್ಕವೂ, ರೈತನನ್ನು ಕಚೇರಿಗೆ ಅಲೆದಾಡಿಸುವ ವಿಳಂಬವೂ ಅಧರ್ಮವೇ ಸರಿ. ಸಾಗಿಸುವವನು ಸತ್ಯವಾದ ಲೆಕ್ಕವನ್ನು ಒಪ್ಪಿಸಲಿ; ಸರಕಾರವು ಪಡೆದ ಹಣವನ್ನು ಆ ಮಾರ್ಗಕ್ಕೇ ವಿನಿಯೋಗಿಸಲಿ.