ಅಳಿಸಲಾಗದ ಲೇಖ್ಯ

ರೋಗಿಯು ವೈದ್ಯನಿಗೆ ಒಪ್ಪಿಸುವ ಮಾತು ನ್ಯಾಸವಾಗಿಟ್ಟ ಒಡವೆಯಂತೆ. ಅದನ್ನು ಕೆಡಿಸದೆ, ಪರರಿಗೆ ತೋರದೆ ಕಾಯುವುದು ವೈದ್ಯನ ಧರ್ಮ. ರೋಗಿಯ ಮನೆಯ ವೃತ್ತಾಂತವನ್ನು ಹೊರಗೆ ಹರಡಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವು ಶಿಷ್ಯನಿಗೆ ವಿಧಿಸಿದೆ. ಇಂದು ಆ ಮಾತು ವೈದ್ಯನ ನೆನಪಿನಲ್ಲಿಯೇ ನಿಲ್ಲದೆ ಗಣಕಯಂತ್ರಗಳ ಲೇಖ್ಯವಾಗಿ ಪರಿಣಮಿಸಿದೆ. ಲೇಖ್ಯವನ್ನು ತಿದ್ದಬಲ್ಲವನೂ ಕದ್ದು ನೋಡಬಲ್ಲವನೂ ಇರುವಲ್ಲಿ ನ್ಯಾಸವನ್ನು ಕಾಯುವವರಾರು?

ಎಸ್ಟೋನಿಯ ದೇಶವು 2008ರಲ್ಲಿ ಪ್ರಜೆಗಳ ಆರೋಗ್ಯಲೇಖ್ಯಗಳನ್ನು ದೇಶಕ್ಕೆಲ್ಲ ಒಂದೇ ವ್ಯವಸ್ಥೆಯಡಿ ತರಲಾರಂಭಿಸಿತು. 2016ರಲ್ಲಿ ಅವುಗಳಿಗೆ ‘ಬ್ಲಾಕ್‌ಚೈನ್’ ಎಂಬ ಸರಪಣಿಯ ಕಾವಲನ್ನು ಸೇರಿಸುವ ಕಾರ್ಯವನ್ನು ಕೈಗೊಂಡಿತು. ಅಲ್ಲಿ ಲೇಖ್ಯವೇ ಸರಪಣಿಯೊಳಗೆ ಹೋಗುವುದಿಲ್ಲ. ಗಣಿತದಿಂದ ಪಡೆದ ಅದರ ಮುದ್ರೆ ಮಾತ್ರ ಹೋಗುತ್ತದೆ. ಲೇಖ್ಯದ ಒಂದಕ್ಷರ ಬದಲಾದರೂ ಮುದ್ರೆಯು ಬೇರೆಯಾಗುತ್ತದೆ. ಕೊಂಡಿಗೆ ಕೊಂಡಿ ಬೆಸೆದಿರುವುದರಿಂದ ಹಳೆಯದನ್ನು ಗುಟ್ಟಾಗಿ ತಿದ್ದಿದವನು ಸಿಕ್ಕಿಬೀಳುತ್ತಾನೆ. ತನ್ನ ಲೇಖ್ಯವನ್ನು ಯಾರು ಯಾವಾಗ ತೆರೆದರೆಂಬುದನ್ನು ರೋಗಿಯೇ ನೋಡಬಹುದು.

ಹಾಗಾದರೆ ಇನ್ನು ಮನುಷ್ಯರ ಮೇಲಣ ವಿಶ್ವಾಸದ ಗೊಡವೆಯೇ ಬೇಡ, ಯಂತ್ರವೊಂದೇ ಸಾಕೆಂದು ಕೆಲವರ ವಾದ. ವಿಚಾರಿಸಿದರೆ ಈ ವಾದವು ನಿಲ್ಲದು. ಯಾಜ್ಞವಲ್ಕ್ಯಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂದು ವ್ಯವಹಾರದ ಪ್ರಮಾಣಗಳನ್ನು ಎಣಿಸಿದೆ. ಆದರೆ ಲಿಖಿತವು ಬದಲಾಗಿಲ್ಲವೆಂಬುದು ಒಂದು. ಅದು ಸತ್ಯವೆಂಬುದು ಮತ್ತೊಂದು. ವೈದ್ಯನು ಎಚ್ಚರದಪ್ಪಿ ಒಬ್ಬನ ರೋಗವನ್ನು ಇನ್ನೊಬ್ಬನ ಹೆಸರಿಗೆ ಬರೆದರೆ, ಸರಪಣಿಯು ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ಇದಕ್ಕಿಂತ ಗಹನವಾದ ಶಂಕೆ ಇನ್ನೊಂದಿದೆ. ಯೌವನದಲ್ಲಿ ಮನೋವ್ಯಾಧಿಯಿಂದ ನರಳಿ ಗುಣಹೊಂದಿದವಳೊಬ್ಬಳು, ಆ ಮಾತು ತನ್ನನ್ನು ಮುದಿತನದವರೆಗೂ ಹಿಂಬಾಲಿಸದಿರಲಿ ಎಂದು ಬಯಸಿದರೆ ಅದು ಅನ್ಯಾಯವೆ? ಯುರೋಪಿನ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಶಾಸನವು, ಕೆಲವು ನಿಬಂಧನೆಗಳಿಗೊಳಪಟ್ಟು, ತನ್ನ ವಿಷಯವನ್ನು ಅಳಿಸಿರೆಂದು ಕೇಳುವ ಹಕ್ಕನ್ನು ಮನುಷ್ಯನಿಗೆ ಕೊಟ್ಟಿದೆ. ಸರಪಣಿಗಾದರೋ ಅಳಿಯದಿರುವುದೇ ಗುಣ. ಮುದ್ರೆಯನ್ನು ಒಳಗಿಟ್ಟು ಲೇಖ್ಯವನ್ನು ಹೊರಗಿಡುವ ಕ್ರಮದಲ್ಲಿ ವಿವೇಕವಿರುವುದು ಇದರಿಂದಲೇ: ಕಳ್ಳ ತಿದ್ದುಪಡಿ ಬಯಲಾಗುತ್ತದೆ, ನ್ಯಾಯವಾದ ಅಳಿಸುವಿಕೆಗೆ ಬಾಗಿಲು ಮುಚ್ಚುವುದಿಲ್ಲ.

ಬೀಗವು ಭದ್ರವಾದಷ್ಟೂ ಬೀಗದ ಕೈ ಹಿಡಿದವನ ಶೀಲವು ಗಟ್ಟಿಯಾಗಬೇಕು. ಸರಪಣಿಯು ಮೋಸವನ್ನು ಹೊರಗೆಡಹೀತು. ಏನನ್ನು ಬರೆಯಬೇಕು, ಯಾರಿಗೆ ತೋರಬೇಕು, ಯಾವುದನ್ನು ಮರೆಯಬೇಕು ಎಂಬ ವಿವೇಕವನ್ನು ಕೊಡಲಾರದು. ಆ ಭಾರವು ಚರಕನ ಕಾಲದಲ್ಲಿದ್ದಂತೆಯೇ ಇಂದಿಗೂ ನ್ಯಾಸವನ್ನು ಕೈಯೊಡ್ಡಿ ಪಡೆದವನ ಮೇಲೆಯೇ ಇದೆ.